ಕಾಲೇಜಿನ ನಿಯಮ ಸರಿಯಿಲ್ಲ ಅನ್ನಿಸಿದರೆ ಮನವಿ ಬರೆಯುವುದು ಹೀಗೆ

ಕಾಲೇಜನ್ನು ಬೈಯುವುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸಂಜೆ ಮಡಿಕೇರಿ ಬಸ್ ಸ್ಟ್ಯಾಂಡಿನಲ್ಲಿ ಸ್ವಲ್ಪ ಹೊತ್ತು ನಿಂತರೆ ಸಾಕು. ಇಂಟರ್ನಲ್ಸ್, ಅಟೆಂಡೆನ್ಸ್, ಬರದ ಮಾರ್ಕ್ಸ್ ಕಾರ್ಡ್, ಶೌಚಾಲಯದಲ್ಲಿ ನೀರಿಲ್ಲದ್ದು, ಎಲ್ಲವೂ ಕಿವಿಗೆ ಬೀಳುತ್ತದೆ. ಬಸ್ ಬಂತು ಅಂದರೆ ಮಾತು ಅಲ್ಲಿಗೇ ಮುಗಿಯಿತು. ಸೀಟು ಹಿಡಿಯಬೇಕಲ್ಲ.

ನಾನು ಕೊನೆಯ ವರ್ಷದ ಬಿ.ಕಾಂ. ಮನೆ ಸಿದ್ದಾಪುರದ ಕಡೆ. ಅಕ್ಷರ ದುಂಡಗಿದೆ ಅನ್ನುವ ಒಂದೇ ಕಾರಣಕ್ಕೆ ಕ್ಲಾಸಿನ ಮನವಿಗಳನ್ನೆಲ್ಲ ಬರೆಯುವ ಕೆಲಸ ನನ್ನ ತಲೆಗೆ ಬಂದಿದೆ. ಈಗ ಜೂನಿಯರ್‌ಗಳೂ "ಅಕ್ಕಾ, ಒಂದು ಲೆಟರ್ ಬರೆದುಕೊಡಿ" ಅಂತ ಬರುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು, ಆ ನಿಯಮ ಯಾರದು ಅಂತ ತಿಳಿದುಕೊಳ್ಳಿ. ಅರ್ಧ ಮನವಿಗಳು ಸಾಯುವುದು ಇಲ್ಲೇ. ಯೂನಿಫಾರ್ಮ್, ಗೇಟ್ ಮುಚ್ಚುವ ಸಮಯ, ಲೈಬ್ರರಿ ಎಷ್ಟು ಗಂಟೆವರೆಗೆ ಅನ್ನುವುದೆಲ್ಲ ಕಾಲೇಜಿನದು. ಅದಕ್ಕೆ ಪ್ರಾಂಶುಪಾಲರು ಸಾಕು. ಪರೀಕ್ಷೆಯ ದಿನಾಂಕ, ಫಲಿತಾಂಶ, ಮರುಮೌಲ್ಯಮಾಪನ ವಿಶ್ವವಿದ್ಯಾಲಯದ್ದು. ಅದು ಹೋಗಬೇಕಾದದ್ದು ಮೌಲ್ಯಮಾಪನ ಕುಲಸಚಿವರಿಗೆ. ಆಡಳಿತದ ಕುಲಸಚಿವರು ಬೇರೆಯೇ ಇರುತ್ತಾರೆ, ಅವರ ಟೇಬಲ್‌ಗೆ ಹೋದರೆ ನಿಮ್ಮ ಕಾಗದ ಅಲ್ಲೇ ಒಂದು ಸುತ್ತು ಹಾಕುತ್ತದೆ. ಡಿಗ್ರಿ ಮೂರು ವರ್ಷವೋ ನಾಲ್ಕು ವರ್ಷವೋ ಅನ್ನುವುದು ಸರ್ಕಾರದ ತೀರ್ಮಾನ. ಮಳೆ ರಜೆ ಜಿಲ್ಲಾಧಿಕಾರಿಯದು.

ಕೊಡಗಿನಲ್ಲಿ ಇದು ಇನ್ನೂ ಗೋಜಲು. ನಮ್ಮ ಪದವಿ ಕಾಲೇಜುಗಳು ಮೊದಲು ಮಂಗಳೂರು ವಿವಿ ಕೆಳಗೆ ಇದ್ದವು. ಚಿಕ್ಕ ಅಳುವಾರದ ಜ್ಞಾನ ಕಾವೇರಿ ಕ್ಯಾಂಪಸ್ ಕೂಡ ಅವರ ಸ್ನಾತಕೋತ್ತರ ಕೇಂದ್ರವೇ. 2023ರಲ್ಲಿ ಅಲ್ಲೇ ಕೊಡಗು ವಿವಿ ಶುರುವಾಯಿತು. ಹಾಗಾಗಿ ಹಳೆಯ ಬ್ಯಾಚಿನ ಅಣ್ಣಂದಿರು ಅಂಕಪಟ್ಟಿಯ ತಕರಾರು ಹಿಡಿದುಕೊಂಡು ಬಂದರೆ ನಾನು ಮೊದಲು ಕೇಳುವುದು, ಅದರ ತಲೆಯಲ್ಲಿ ಯಾವ ವಿವಿ ಹೆಸರಿದೆ ಅಂತ. ಆ ಹೆಸರಿಗೇ ಬರೆಯಬೇಕು. ಪೊನ್ನಂಪೇಟೆಯ ಅರಣ್ಯ ಕಾಲೇಜು ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿವಿಗೆ ಸೇರಿದ್ದು. ಎಂಜಿನಿಯರಿಂಗ್‌ನವರಿಗೆ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿವಿ (ವಿಟಿಯು). ಮಡಿಕೇರಿಯ ಮೆಡಿಕಲ್ ಕಾಲೇಜಿನವರಿಗೆ ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿವಿ. ಒಂದೇ ಪಿ.ಜಿ. ರೂಮಿನಲ್ಲಿ ಇರುವ ಮೂವರು ಗೆಳತಿಯರ ಅರ್ಜಿ ಮೂರು ಊರಿಗೆ ಹೋಗುತ್ತದೆ.

ಎರಡನೆಯದು, ಒಂದು ಕಾಗದದಲ್ಲಿ ಒಂದೇ ವಿಷಯ. "ಕಾಲೇಜಿನಲ್ಲಿ ಮೂಲಭೂತ ಸೌಕರ್ಯಗಳಿಲ್ಲ" ಅಂತ ಶುರು ಮಾಡಿ ನೀರು, ಫ್ಯಾನು, ಕ್ಯಾಂಟೀನ್ ರೇಟು, ಸ್ಕಾಲರ್‌ಶಿಪ್ ಎಲ್ಲ ತುಂಬಿದರೆ ಓದುವವರು ಅವುಗಳಲ್ಲಿ ಸುಲಭದ್ದನ್ನು ಮಾಡಿ ಕೈತೊಳೆದುಕೊಳ್ಳುತ್ತಾರೆ. ಫ್ಯಾನ್ ಬರುತ್ತದೆ. ಮಡಿಕೇರಿಯಲ್ಲಿ ಫ್ಯಾನ್ ತೆಗೆದುಕೊಂಡು ಏನು ಮಾಡುವುದು?

ನಮ್ಮ ನಿಜವಾದ ಸಮಸ್ಯೆ ಮಳೆಗಾಲದ ಅಟೆಂಡೆನ್ಸ್. ಜುಲೈ ತಿಂಗಳಲ್ಲಿ ಇಲ್ಲಿ ಕಾಲೇಜು ಓದಿದವರಿಗೆ ಹೇಳಬೇಕಾಗಿಲ್ಲ. ಗಾಳಿಗೆ ಮರ ಬಿದ್ದರೆ ದಾರಿ ಬಂದ್. ಕರೆಂಟ್ ಹೋದರೆ ಸ್ವಲ್ಪ ಹೊತ್ತಿಗೆ ಟವರೂ ಹೋಗುತ್ತದೆ. ರೈಲು ಅನ್ನುವುದು ಈ ಜಿಲ್ಲೆಯಲ್ಲೇ ಇಲ್ಲ. ಬಸ್ ಒಂದೇ ಗತಿ. ಜಿಲ್ಲಾಧಿಕಾರಿ ರಜೆ ಕೊಡುತ್ತಾರೆ, ನಿಜ. ಆದರೆ ಆದೇಶ ಪೂರ್ತಿ ಓದಿ: ಎಷ್ಟೋ ಸಲ ಅದು ಅಂಗನವಾಡಿ, ಶಾಲೆ ಮತ್ತು ಪಿಯು ಕಾಲೇಜಿಗೆ ನಿಲ್ಲುತ್ತದೆ. ಪಿಯು ಓದುವ ನನ್ನ ತಮ್ಮ ಕಂಬಳಿ ಹೊದ್ದು ಮಲಗಿರುತ್ತಾನೆ, ನಾನು ಅದೇ ರಸ್ತೆಯಲ್ಲಿ ಕೊಡೆ ಹಿಡಿದು ಬಸ್ಸಿಗೆ ಕಾಯಬೇಕು. ಡಿಗ್ರಿಗೆ ಬಂದ ತಕ್ಷಣ ಮರ ನಮ್ಮ ಮೇಲೆ ಬೀಳುವುದಿಲ್ಲ ಅಂತ ಲೆಕ್ಕ ಇರಬೇಕು. ತಡವಾಗಿ ಹೋದರೆ ಮೊದಲ ಪೀರಿಯಡ್ ಆಬ್ಸೆಂಟ್. ಶೇ 75 ತುಂಬದಿದ್ದರೆ ಹಾಲ್ ಟಿಕೆಟ್ ಬರುತ್ತದೋ ಇಲ್ಲವೋ ಅನ್ನುವ ಹೆದರಿಕೆ. ಸಂಜೆ ಸ್ಪೆಷಲ್ ಕ್ಲಾಸ್ ಇಟ್ಟು ಸರಿಮಾಡುತ್ತೇವೆ ಅನ್ನುತ್ತಾರೆ. ನಮ್ಮ ಕಡೆ ಕತ್ತಲಾದ ಮೇಲೆ ತೋಟದ ದಾರಿಯಲ್ಲಿ ಆನೆ ಇರುತ್ತದೆ. ಅದು ಸ್ಪೆಷಲ್ ಕ್ಲಾಸ್ ಮುಗಿಯಲಿ ಅಂತ ಕಾಯುವುದಿಲ್ಲ.

ಇದನ್ನೆಲ್ಲ ಹೀಗೇ ಬರೆದರೆ ಕೇಳುವವರಿಗೆ ಅಯ್ಯೋ ಪಾಪ ಅನ್ನಿಸುತ್ತದೆ, ಅಷ್ಟೇ. ಲೆಕ್ಕ ಬೇಕು. ಒಂದು ನೋಟ್‌ಬುಕ್ ಇಡಿ. ತಾರೀಖು, ಬಸ್ ಬರಬೇಕಾದ ಸಮಯ, ಬಂದ ಸಮಯ, ತಪ್ಪಿದ ಪೀರಿಯಡ್. ಆ ದಿನ ರಜೆ ಆದೇಶ ಇತ್ತಾ? ಇದ್ದರೆ ಅದರ ಪ್ರತಿ ಇಟ್ಟುಕೊಳ್ಳಿ, ಹೇಗೂ ವಾಟ್ಸ್‌ಆ್ಯಪ್‌ನಲ್ಲಿ ಬಂದಿರುತ್ತದೆ. ಬಸ್ ಪಾಸಿನ ಜೆರಾಕ್ಸ್ ಕೂಡ. ನೀವು ದಿನಾ ಎಲ್ಲಿಂದ ಎಲ್ಲಿಗೆ ಓಡಾಡುತ್ತೀರಿ ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಒಬ್ಬರೇ ಬರೆದರೆ ಸಾಲದು. ಬೇರೆ ಬೇರೆ ರೂಟಿನವರು ಬರೆಯಬೇಕು. ಸೋಮವಾರಪೇಟೆ, ನಾಪೋಕ್ಲು, ಭಾಗಮಂಡಲ ಕಡೆಯ ಪುಟಗಳನ್ನು ಒಟ್ಟಿಗೆ ಇಟ್ಟರೆ ಸೋಮಾರಿತನ ಅನ್ನುವ ಮಾತು ಬರುವುದಿಲ್ಲ.

ಆಮೇಲೆ ಕಾಗದ. ನಾನು ಬರೆಯುವ ನಮೂನೆ ಇದು:

"ಇವರಿಗೆ, ಪ್ರಾಂಶುಪಾಲರು. ವಿಷಯ: ಮಳೆ ರಜೆಯ ದಿನಗಳ ಹಾಜರಾತಿ ಬಗ್ಗೆ. ಮಾನ್ಯರೇ, ಜಿಲ್ಲಾಧಿಕಾರಿಯವರು ಪಿಯು ಕಾಲೇಜಿನವರೆಗೆ ರಜೆ ಘೋಷಿಸಿದ ದಿನಗಳಲ್ಲಿ ದೂರದ ಊರುಗಳಿಂದ ಬರುವ ನಮಗೆ ಬಸ್ ಸಿಗುತ್ತಿಲ್ಲ. ದಿನಾಂಕಗಳ ಪಟ್ಟಿ, ಬಸ್ ಪಾಸ್‌ಗಳ ಪ್ರತಿ ಲಗತ್ತಿಸಿದ್ದೇವೆ. ಆ ದಿನಗಳಲ್ಲಿ ಬಸ್ ಪಾಸ್ ಇರುವವರ ಗೈರುಹಾಜರಿಯನ್ನು ಶೇಕಡಾವಾರು ಲೆಕ್ಕಕ್ಕೆ ಸೇರಿಸಬಾರದೆಂದು ಕೋರುತ್ತೇವೆ. ತಮ್ಮ ತೀರ್ಮಾನವನ್ನು ಲಿಖಿತವಾಗಿ ತಿಳಿಸಬೇಕಾಗಿ ವಿನಂತಿ."

ಇಷ್ಟೇ. ಕೆಳಗೆ ಹೆಸರು, ರಿಜಿಸ್ಟರ್ ನಂಬರ್, ಸಹಿ. ಬೇಡಿಕೆ ಅವರ ಕೈಯಲ್ಲಿ ಆಗುವಂಥದ್ದಾಗಿರಲಿ. ಶೇ 75 ತೆಗೆದೇ ಬಿಡಿ ಅಂದರೆ ಪ್ರಾಂಶುಪಾಲರು ಏನು ಮಾಡಿಯಾರು? ಅದು ಅವರ ಕೈ ಮೀರಿದ್ದು. ಕೊನೆಯ ವಾಕ್ಯವನ್ನು ಮಾತ್ರ ಬಿಡಬೇಡಿ. ಲಿಖಿತವಾಗಿ ಕೇಳದಿದ್ದರೆ "ನೋಡೋಣ ಬಿಡಮ್ಮ" ಅನ್ನುವುದೇ ಉತ್ತರ.

ಸಹಿ ಹಾಕಿಸುವುದು ದೊಡ್ಡ ತಲೆನೋವು. ಇಂಟರ್ನಲ್ಸ್, ಅಂದರೆ ಕಾಲೇಜೇ ಕೊಡುವ ಅಂಕ, ಕೈಯಲ್ಲಿರುವವರಿಗೆ ವಿರುದ್ಧವಾಗಿ ಬರೆಯಲು ಎಲ್ಲರಿಗೂ ಹೆದರಿಕೆ, ಅದು ತಪ್ಪೂ ಅಲ್ಲ. ಮೊದಲ ಸಹಿ ಚೆನ್ನಾಗಿ ಮಾರ್ಕ್ಸ್ ತೆಗೆಯುವ, ಅಟೆಂಡೆನ್ಸ್ ತುಂಬಿರುವವರದ್ದು ಇರಲಿ. ಆಮೇಲೆ ಉಳಿದವರು ತಾವಾಗಿಯೇ ಪೆನ್ ಕೇಳುತ್ತಾರೆ. ಯಾರ ಸಹಿಯನ್ನೂ ಬೇರೆಯವರು ಹಾಕಬಾರದು, ಅವರು "ನನ್ನದೂ ನೀನೇ ಹಾಕು" ಅಂದರೂ.

ಕಾಗದವನ್ನು ಎರಡು ಪ್ರತಿ ಮಾಡಿ ಆಫೀಸಿಗೆ ಕೊಡಿ. ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು, ಸ್ವೀಕರಿಸಿದವರ ಸಹಿ ಬೇಕು. ಸರ್ ಇಲ್ಲ, ಇಟ್ಟು ಹೋಗಿ ಅನ್ನುತ್ತಾರೆ. ಇಟ್ಟು ಬರಬೇಡಿ. ನಮ್ಮ ಒಂದು ಮನವಿ ಹೀಗೇ ಮೇಜಿನ ಮೇಲೆ ಕಾಣೆಯಾಯಿತು, ಕೇಳಿದರೆ ಕೊಟ್ಟೇ ಇಲ್ಲ ಅಂದರು. ಸೀಲು ಹಾಕುವುದೇ ಇಲ್ಲ ಅಂತಾದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಜೋಪಾನ ಮಾಡಿ.

ಉತ್ತರ ಬರದಿದ್ದರೆ? ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2023ರಲ್ಲಿ ವಿದ್ಯಾರ್ಥಿ ಕುಂದುಕೊರತೆಗೆ ನಿಯಮ ತಂದಿದೆ. ಅದರ ಪ್ರಕಾರ ಸಂಸ್ಥೆಯಲ್ಲಿ ಕುಂದುಕೊರತೆ ಸಮಿತಿ ಇರಬೇಕು, ಅದರಲ್ಲಿ ವಿದ್ಯಾರ್ಥಿ ಪ್ರತಿನಿಧಿಯೂ ಇರಬೇಕು. ದೂರು ಬಂದ 15 ಕೆಲಸದ ದಿನಗಳಲ್ಲಿ ಸಮಿತಿ ವರದಿ ಕೊಡಬೇಕು. ಒಪ್ಪಿಗೆಯಾಗದಿದ್ದರೆ 15 ದಿನದೊಳಗೆ ವಿವಿಯ ಓಂಬುಡ್ಸ್‌ಪರ್ಸನ್‌ಗೆ, ಅಂದರೆ ಇಂಥ ಮೇಲ್ಮನವಿ ಕೇಳಲೆಂದೇ ನೇಮಿಸಿದವರಿಗೆ, ಮೇಲ್ಮನವಿ. ಫಲಿತಾಂಶ ತಡ, ಮೂಲ ದಾಖಲೆ ಹಿಡಿದಿಟ್ಟುಕೊಳ್ಳುವುದು, ಹೆಚ್ಚು ಹಣ ಕೇಳುವುದು, ಸ್ಕಾಲರ್‌ಶಿಪ್ ತಡ, ಫೀ ವಾಪಸ್ ಕೊಡದಿರುವುದು ಇದರಡಿ ಬರುತ್ತವೆ. ನಿಮ್ಮ ಕಾಲೇಜಿನಲ್ಲಿ ಆ ಸಮಿತಿಯಲ್ಲಿ ಯಾರಿದ್ದಾರೆ ಅಂತ ಸುಮ್ನೆ ಒಮ್ಮೆ ಆಫೀಸಿನಲ್ಲಿ ಕೇಳಿ ನೋಡಿ. ಆ ಪ್ರಶ್ನೆಗೇ ಸ್ವಲ್ಪ ಕೆಲಸ ಆಗುತ್ತದೆ.

ಮಾಹಿತಿ ಹಕ್ಕು ಅರ್ಜಿ ಇನ್ನೊಂದು ದಾರಿ. ಅರ್ಜಿ ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಸಾಕು, 30 ದಿನದಲ್ಲಿ ಉತ್ತರ ಕೊಡಬೇಕು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಅದೂ 150 ಪದ ಮೀರದಂತೆ. "ಯಾಕೆ ಹೀಗೆ ಮಾಡಿದಿರಿ" ಅಂತ ಕೇಳಬೇಡಿ, ದಾಖಲೆ ಕೇಳಿ: ನಮ್ಮ ಮನವಿಯ ಮೇಲೆ ಏನು ಕ್ರಮ ಆಯಿತು, ಅದರ ಟಿಪ್ಪಣಿಯ ಪ್ರತಿ ಕೊಡಿ. ನಿಮ್ಮ ಸ್ವಂತ ಉತ್ತರ ಪತ್ರಿಕೆಯನ್ನೂ ಹೀಗೆ ನೋಡಬಹುದು, 2011ರಲ್ಲಿ ಸುಪ್ರೀಂ ಕೋರ್ಟ್ ಆ ಹಕ್ಕು ಒಪ್ಪಿದೆ.

ರ‍್ಯಾಗಿಂಗ್, ಲೈಂಗಿಕ ಕಿರುಕುಳ ಆದರೆ ಈ ಸಾಲು ಸಾಲು ಕಾಗದ ಬೇಡ. ರ‍್ಯಾಗಿಂಗ್‌ಗೆ ನೇರವಾಗಿ 1800-180-5522, ಕಿರುಕುಳಕ್ಕೆ ಆಂತರಿಕ ದೂರು ಸಮಿತಿ. ನಂಬುವ ಮೇಡಂ ಒಬ್ಬರಿಗೆ ಅವತ್ತೇ ಹೇಳಿ.

ಸರ್ಕಾರದ ನೀತಿಯ ವಿಷಯಕ್ಕೆ ಪ್ರಾಂಶುಪಾಲರ ಹತ್ತಿರ ಜಗಳ ಆಡಿ ಪ್ರಯೋಜನವಿಲ್ಲ. ನಾನು 2023ರಲ್ಲಿ ಸೇರಿದ್ದು ಎನ್‌ಇಪಿ ಬ್ಯಾಚಿಗೆ, ಅಂದರೆ ನಾಲ್ಕು ವರ್ಷವೂ ಓದಬಹುದಾದ ರಾಷ್ಟ್ರೀಯ ಶಿಕ್ಷಣ ನೀತಿಯ ಡಿಗ್ರಿಗೆ. 2024ರಿಂದ ಸೇರಿದವರಿಗೆ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷದ ಹಳೆಯ ಪದ್ಧತಿ ತಂದಿತು. ಒಂದೇ ಕಾರಿಡಾರಿನಲ್ಲಿ ಎರಡು ಪಠ್ಯಕ್ರಮ. ನನ್ನ ನೋಟ್ಸ್ ಜೂನಿಯರ್‌ಗೆ ಕೊಟ್ಟರೆ ಅರ್ಧ ಅವರಿಗೆ ಬೇಡ. ಪದೇ ಪದೇ ಬದಲಿಸುವುದು ನನಗೆ ಸರಿ ಕಾಣುವುದಿಲ್ಲ, ಯಾವುದು ಒಳ್ಳೆಯದು ಅನ್ನುವುದು ಆಮೇಲಿನ ಮಾತು. 2025ರ ಆರಂಭದಲ್ಲಿ ಹೊಸ ವಿವಿಗಳನ್ನು ಮುಚ್ಚುವ ಮಾತು ಬಂದಾಗ ಕೊಡಗು ವಿವಿ ಹೆಸರೂ ಅದರಲ್ಲಿತ್ತು. ಇಂಥದ್ದಕ್ಕೆ ಬರೆಯಬೇಕಾದದ್ದು ಉನ್ನತ ಶಿಕ್ಷಣ ಸಚಿವರಿಗೆ, ಪ್ರತಿ ನಮ್ಮ ಶಾಸಕರಿಗೆ. ಜಿಲ್ಲೆಗೆ ಇರುವುದೇ ಇಬ್ಬರು, ಮಡಿಕೇರಿಗೊಬ್ಬರು ವಿರಾಜಪೇಟೆಗೊಬ್ಬರು. ಹುಡುಕುವುದು ಕಷ್ಟವೇನಲ್ಲ. ಹತ್ತಿರ ವಿವಿ ಇದ್ದರೆ ನಮಗೆ ಎಷ್ಟು ದುಡ್ಡು, ಎಷ್ಟು ಹೊತ್ತು ಉಳಿಯುತ್ತದೆ ಅಂತ ಬರೆಯಿರಿ. ಒಂದು ಸರ್ಟಿಫಿಕೇಟ್‌ಗೆ ಮಂಗಳೂರಿಗೆ ಹೋಗಿಬರುವುದು ಅಂದರೆ ಅಪ್ಪನ ಒಂದು ದಿನದ ಕೂಲಿಯೂ ಹೋಯಿತು, ಅಲ್ವಾ?

ಯಾವಾಗ ಕೊಡಬೇಕು ಅನ್ನುವುದನ್ನೂ ನೋಡಿ. ಪುತ್ತರಿ ಹಬ್ಬ ಹತ್ತಿರ ಬಂದಾಗ ಕೊಟ್ಟರೆ ಆಫೀಸಿನಲ್ಲಿ ಅರ್ಧ ಜನ ರಜೆ. ಕಾಫಿ ಕೊಯ್ಲಿನ ಸಮಯದಲ್ಲಿ ಸಹಿ ಹಾಕಬೇಕಾದ ಹುಡುಗರೇ ತೋಟದಲ್ಲಿರುತ್ತಾರೆ. ಮಳೆಯ ಅಟೆಂಡೆನ್ಸ್ ಮನವಿಯನ್ನು ಸೆಮಿಸ್ಟರ್ ಕೊನೆಯಲ್ಲಿ ಕೊಟ್ಟರೆ ಪಟ್ಟಿ ಆಗಲೇ ಹೋಗಿರುತ್ತದೆ, ಆಗಸ್ಟ್ ಮುಗಿಯುವುದರೊಳಗೆ ಕೊಡಿ. ಸೀಲು ಬಿದ್ದ ಪ್ರತಿ, ನೋಟ್‌ಬುಕ್, ಪೋಸ್ಟ್ ರಸೀದಿ ಎಲ್ಲ ಒಂದೇ ಫೈಲಿನಲ್ಲಿ ಹಾಕಿ. ಉತ್ತರ ಬರುವಷ್ಟರಲ್ಲಿ ನೀವು ಡಿಗ್ರಿ ಮುಗಿಸಿರಬಹುದು. ಹಾಗಾಗಿ ಆ ಫೈಲನ್ನು ಎರಡನೇ ವರ್ಷದವರೊಬ್ಬರ ಕೈಗೆ ಈಗಲೇ ಕೊಟ್ಟುಬಿಡಿ. ಅದೇ ಬಸ್ಸಿನಲ್ಲಿ ಬರುವವರಾದರೆ ಇನ್ನೂ ಒಳ್ಳೆಯದು.