ಹೈಸ್ಕೂಲು ಮಕ್ಕಳಿಗೆ ಚರ್ಚಿನ ನೆರವು: ನಾವು ಮಾಡಿಕೊಂಡು ಬಂದ ರೀತಿ

ಹೈಸ್ಕೂಲು ಓದುವ ಬಡ ಮಕ್ಕಳಿಗೆ ನೆರವಾಗುವ ಕೆಲಸವನ್ನು ನಮ್ಮ ಧರ್ಮಕೇಂದ್ರದಲ್ಲಿ, ಅಂದರೆ ನಮ್ಮ ಕ್ಯಾಥೋಲಿಕ್ ಚರ್ಚು ಮತ್ತು ಅದಕ್ಕೆ ಸೇರಿದ ಮನೆಗಳಲ್ಲಿ, ನಾವು ಕೆಲವರು ಸೇರಿ ನಡೆಸುತ್ತಿದ್ದೇವೆ. ಬೇರೆ ಚರ್ಚಿನವರು ಆಗಾಗ ಕೇಳುತ್ತಾರೆ, ದುಡ್ಡು ಎಲ್ಲಿಂದ ಬರುತ್ತದೆ, ಯಾರಿಗೆ ಕೊಡಬೇಕು ಅಂತ ಹೇಗೆ ಗೊತ್ತಾಗುತ್ತದೆ ಅಂತ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಫೀಸ್ ಕಟ್ಟಿಬಿಟ್ಟರೆ ಮಗು ಓದಿ ಮುಗಿಸುತ್ತದೆ ಅಂತ ಅಂದುಕೊಳ್ಳಬೇಡಿ. ಪ್ರೈಮರಿ ಶಾಲೆ ಹತ್ತಿರದಲ್ಲೇ ಇರುತ್ತದೆ, ಹೈಸ್ಕೂಲು ಎಷ್ಟೋ ಮಕ್ಕಳಿಗೆ ದೂರ. ಬಸ್ಸಿನ ದುಡ್ಡು, ಶೂ, ಪರೀಕ್ಷೆ ಫೀಸ್ ಎಲ್ಲವೂ ಒಟ್ಟಿಗೆ ಬಂದು ಬೀಳುತ್ತವೆ. ಅದೇ ಹೊತ್ತಿಗೆ ಮಗು ದುಡಿಯುವ ವಯಸ್ಸಿಗೆ ಬಂದಿರುತ್ತದೆ, ಮನೆಯಲ್ಲಿ ಯಾರಾದರೂ ಕಾಯಿಲೆ ಬಿದ್ದರೆ ಮೊದಲು ಶಾಲೆ ಬಿಡುವುದು ಅದೇ. ಹುಡುಗಿಯಾದರೆ ತಮ್ಮ ತಂಗಿಯರನ್ನು ನೋಡಿಕೊಳ್ಳುವ ಕೆಲಸವೂ ಅವಳ ಮೇಲೇ ಬರುತ್ತದೆ. ಇದು ಯಾವುದೂ ಅರ್ಜಿ ಫಾರಂನಲ್ಲಿ ಕಾಣಿಸುವುದಿಲ್ಲ.

ಹಾಗಾಗಿ ನಾವು ಮನೆಗೆ ಹೋಗುತ್ತೇವೆ. ನಮ್ಮ ಕೆಲಸದಲ್ಲಿ ಇದೇ ಎಲ್ಲಕ್ಕಿಂತ ಮುಖ್ಯ ಅಂತ ನನ್ನ ನಂಬಿಕೆ. ನಾವೇನೂ ಹೊಸದಾಗಿ ಕಂಡುಹಿಡಿದದ್ದಲ್ಲ. 1833ರಲ್ಲಿ ಪ್ಯಾರಿಸ್‌ನಲ್ಲಿ ಫ್ರೆಡ್ರಿಕ್ ಓಝಾನಾಮ್ ಎಂಬ ಇಪ್ಪತ್ತು ವರ್ಷದ ವಿದ್ಯಾರ್ಥಿ ತನ್ನ ಗೆಳೆಯರ ಜೊತೆ ಸೇರಿ ಶುರುಮಾಡಿದ ಗುಂಪೇ ಮುಂದೆ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯಾಯಿತು. ಬಡವರ ಮನೆಗೇ ಹೋಗಿ ಭೇಟಿಯಾಗುವುದು ಅವರ ಮೊದಲ ಕೆಲಸ, ಇವತ್ತಿಗೂ ಅದೇ. ನಮ್ಮಲ್ಲೂ ಇಬ್ಬರಿಬ್ಬರಾಗಿ ಹೋಗುತ್ತೇವೆ, ಒಬ್ಬರೇ ಯಾವತ್ತೂ ಹೋಗುವುದಿಲ್ಲ. ಮಗುವಿನ ಸುರಕ್ಷತೆಗೂ ಅದು ಬೇಕು, ಲೆಕ್ಕದ ವಿಷಯದಲ್ಲಿ ಅನುಮಾನ ಬಾರದಿರುವುದಕ್ಕೂ ಬೇಕು. ಹೋದ ತಕ್ಷಣ ಪೇಪರ್ ಪೆನ್ನು ತೆಗೆಯುವುದಿಲ್ಲ. ಸುಮ್ನೆ ಕೂತು ಮಾತಾಡುತ್ತೇವೆ. ತಾಯಿಯ ಹತ್ತಿರ ಅರ್ಧ ಗಂಟೆ ಮಾತಾಡಿದರೆ ಮಗು ಯಾವ ತಿಂಗಳು ಶಾಲೆ ಬಿಡಬಹುದು ಅನ್ನುವುದರ ಅಂದಾಜು ಸಿಕ್ಕಿಬಿಡುತ್ತದೆ. ಕ್ಲಾಸ್ ಟೀಚರ್, ಧರ್ಮೋಪದೇಶ ಕಲಿಸುವವರು, ಸಿಸ್ಟರ್‌ಗಳು, ಇವರೂ ನಮಗೆ ಸುದ್ದಿ ಕೊಡುತ್ತಾರೆ. ಪೂಜೆಗೆ ಬರುವವರ ಮಕ್ಕಳಿಗೆ ಮಾತ್ರ ಕೊಡಿ ಅಂತ ಕೆಲವರು ಹೇಳುವುದುಂಟು. ನಾನು ಒಪ್ಪುವುದಿಲ್ಲ. ಜಾತಿ, ಮತ ನೋಡದೆ ನೆರವಾಗಬೇಕು ಅಂತ ವಿನ್ಸೆಂಟ್ ಸಭೆಯ ನಿಯಮದಲ್ಲೇ ಇದೆ.

ಇನ್ನು ದುಡ್ಡಿನ ವಿಷಯ. ಶಾಲೆ ಶುರುವಾಗುವ ಮುಂಚಿನ ಒಂದು ಭಾನುವಾರ ಪೂಜೆಯಲ್ಲಿ ಮಾಮೂಲಿ ಕಾಣಿಕೆಯಲ್ಲದೆ ಎರಡನೇ ಕಾಣಿಕೆ ಎತ್ತುತ್ತೇವೆ, ವಿದ್ಯಾರ್ಥಿಗಳಿಗೆ ಅಂತಲೇ. ಪೋಪ್ ಫ್ರಾನ್ಸಿಸ್ ಶುರುಮಾಡಿದ ಬಡವರ ವಿಶ್ವ ದಿನ 2017ರಿಂದ ಪ್ರತಿ ನವೆಂಬರಿನಲ್ಲಿ ನಡೆಯುತ್ತಿದೆ, ಆ ದಿನವೂ ಎತ್ತುತ್ತೇವೆ. ಕೆಲವು ಮನೆಯವರು ತಿಂಗಳಿಗೆ ಇಷ್ಟು ಅಂತ ಕೊಡುತ್ತಾರೆ. ನನ್ನ ಅನುಭವದಲ್ಲಿ ಈ ತಿಂಗಳ ದುಡ್ಡೇ ಜಾಸ್ತಿ ಉಪಯೋಗ. ಯಾಕೆಂದರೆ ಮುಂದಿನ ವರ್ಷಕ್ಕೂ ಕೊಡುತ್ತೇವೆ ಅಂತ ಮಗುವಿಗೆ ಧೈರ್ಯವಾಗಿ ಹೇಳಬಹುದು. ವಿದ್ಯಾರ್ಥಿಗಳಿಗೆ ಅಂತ ಬಂದ ದುಡ್ಡನ್ನು ಚರ್ಚಿನ ಬಣ್ಣಕ್ಕೋ ಹಬ್ಬಕ್ಕೋ ಮುಟ್ಟುವಂತಿಲ್ಲ. 1983ರ ಚರ್ಚ್ ಕಾನೂನಿನ 1267ನೇ ವಿಧಿ ಇದನ್ನು ನೇರವಾಗಿ ಹೇಳುತ್ತದೆ: ಯಾವ ಉದ್ದೇಶಕ್ಕೆ ಕೊಟ್ಟರೋ ಅದಕ್ಕೇ ಬಳಸಬೇಕು. ಪ್ರತಿ ಧರ್ಮಕೇಂದ್ರಕ್ಕೂ ಹಣಕಾಸು ಸಮಿತಿ ಇರಬೇಕು ಅಂತ 537ನೇ ವಿಧಿಯಲ್ಲಿದೆ, ಆ ಸಮಿತಿಯ ಮುಂದೆ ನಮ್ಮ ಲೆಕ್ಕ ಇಡುತ್ತೇವೆ. ಲೆಕ್ಕದಲ್ಲಿ ಮಕ್ಕಳ ಹೆಸರು ಇರುವುದಿಲ್ಲ, ನಂಬರ್ ಮಾತ್ರ. ಹೆಸರಿನ ಪಟ್ಟಿ ಫಾದರ್ ಹತ್ತಿರ ಮತ್ತು ಮನೆಗೆ ಹೋಗುವವರ ಹತ್ತಿರ ಅಷ್ಟೇ.

ಚರ್ಚಿನವರೇ ನಡೆಸುವ ಶಾಲೆಯಾದರೆ ಫೀಸ್ ಕಡಿಮೆ ಮಾಡಿ ಅಂತ ಕೇಳುವುದಕ್ಕೆ ಸಂಕೋಚ ಬೇಡ. ಕ್ಯಾಥೋಲಿಕ್ ಶಾಲೆಗಳು ಬಡವರ ಕಡೆ ವಿಶೇಷ ಗಮನ ಕೊಡಬೇಕು ಅಂತ ಜಗತ್ತಿನ ಕ್ಯಾಥೋಲಿಕ್ ಬಿಷಪ್‌ಗಳು ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲೇ ಹೇಳಿದೆ. ಅದಕ್ಕೂ ತುಂಬಾ ಹಿಂದೆ, 1597ರಲ್ಲಿ, ಸಂತ ಜೋಸೆಫ್ ಕಲಸಾಂಜ್ ರೋಮ್‌ನಲ್ಲಿ ಬಡ ಮಕ್ಕಳಿಗೆ ಪುಕ್ಕಟೆ ಶಾಲೆ ತೆರೆದಿದ್ದರು. ಮುಖ್ಯೋಪಾಧ್ಯಾಯರನ್ನು ನೋಡಲು ಫಾದರ್ ಜೊತೆ ಹೋಗುತ್ತೇನೆ, ಒಂದೊಂದು ಮಗುವಿನ ವಿಷಯವನ್ನೂ ಬೇರೆ ಬೇರೆಯಾಗಿ ಮಾತಾಡುತ್ತೇನೆ. ಉಳಿದ ಫೀಸನ್ನು ಶಾಲೆಗೇ ಕಟ್ಟಿ, ರಸೀದಿಯನ್ನು ತಂದೆ ಅಥವಾ ತಾಯಿಯ ಹೆಸರಿಗೆ ಮಾಡಿಸುತ್ತೇವೆ. ಮಗುವಿನ ಕಣ್ಣಲ್ಲಿ ಅಪ್ಪ ಅಮ್ಮ ಚಿಕ್ಕವರಾಗಬಾರದು, ಅಲ್ವಾ?

ಇದೇ ಕಾರಣಕ್ಕೆ ನಮ್ಮಲ್ಲಿ ವೇದಿಕೆ ಮೇಲೆ ಹಂಚುವ ಕಾರ್ಯಕ್ರಮ ಇಲ್ಲ. ಫೋಟೋ ಇಲ್ಲ. ದಾನಿಗಳಿಗೆ ಥ್ಯಾಂಕ್ಸ್ ಪತ್ರ ಬರೆಸುವುದೂ ಇಲ್ಲ. ಹದಿನಾಲ್ಕು ಹದಿನೈದರ ವಯಸ್ಸು ಅಂದರೆ ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಅನ್ನಿಸುವ ವಯಸ್ಸು. ತನ್ನ ಕ್ಲಾಸಿನವರ ಎದುರು ಬ್ಯಾಗು ಇಸಿದುಕೊಂಡ ಮಗು ಆಮೇಲೆ ಚರ್ಚಿಗೇ ಬರುವುದನ್ನು ನಿಲ್ಲಿಸಿದರೆ ನಾವು ಕೊಟ್ಟದ್ದಕ್ಕೆ ಏನರ್ಥ? ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಅಂತ ಮತ್ತಾಯನ ಶುಭಸಂದೇಶದಲ್ಲಿ ಓದುತ್ತೇವೆ, ಅದನ್ನು ಹಾಗೇ ಪಾಲಿಸಲು ನೋಡುತ್ತೇವೆ. ದಾನಿಗಳು ಕೇಳಿದರೆ ಒಟ್ಟು ಎಷ್ಟು ಮಕ್ಕಳು, ಎಷ್ಟು ಖರ್ಚು ಅಂತ ಹೇಳುತ್ತೇವೆ. ಹೆಚ್ಚಿನವರು ಅಷ್ಟಕ್ಕೇ ಖುಷಿಯಾಗುತ್ತಾರೆ.

ದುಡ್ಡಿಲ್ಲದೆಯೂ ಮಾಡಬಹುದಾದ ಕೆಲಸ ಒಂದಿದೆ. ಸಂಜೆ ಹೊತ್ತು ಚರ್ಚಿನ ಹಾಲ್ ಸಾಮಾನ್ಯವಾಗಿ ಖಾಲಿ ಇರುತ್ತದೆ. ಒಂದೇ ಕೋಣೆಯ ಮನೆಯಲ್ಲಿ ಟಿವಿ ಸದ್ದಿನ ನಡುವೆ ಓದುವ ಮಗುವಿಗೆ ಒಂದು ಟೇಬಲ್ಲು, ಒಳ್ಳೆ ಲೈಟು ಸಿಕ್ಕರೆ ಎಷ್ಟು ದೊಡ್ಡದು ಗೊತ್ತಾ? ನಿವೃತ್ತ ಟೀಚರುಗಳು ಗಣಿತ, ವಿಜ್ಞಾನ ಹೇಳಿಕೊಡುತ್ತಾರೆ, ಕಾಲೇಜಿಗೆ ಹೋಗುವ ಯುವಕ ಯುವತಿಯರು ಇಂಗ್ಲಿಷ್ ನೋಡಿಕೊಳ್ಳುತ್ತಾರೆ. ಬಾಗಿಲು ತೆರೆದೇ ಇರಬೇಕು, ದೊಡ್ಡವರು ಇಬ್ಬರಾದರೂ ಇರಬೇಕು, ಮನೆಯವರ ಒಪ್ಪಿಗೆ ಬರವಣಿಗೆಯಲ್ಲಿ ಇರಬೇಕು. ಈ ಮೂರರಲ್ಲಿ ಯಾವುದು ತಪ್ಪಿದರೂ ಆ ದಿನ ಹಾಲ್ ತೆರೆಯುವುದಿಲ್ಲ.

ಫೇಲಾದ ಮಗುವಿಗೆ ನೆರವು ನಿಲ್ಲಿಸಬೇಕಾ ಅನ್ನುವ ಪ್ರಶ್ನೆ ಸಮಿತಿಯಲ್ಲಿ ಬಂದೇ ಬರುತ್ತದೆ. ಚೆನ್ನಾಗಿ ಓದುವವರಿಗೇ ಕೊಡೋಣ, ದುಡ್ಡು ವ್ಯರ್ಥ ಆಗಬಾರದು ಅನ್ನುವವರ ಮಾತಿನಲ್ಲೂ ಕಾಳಜಿ ಇದೆ. ಆದರೆ ಚೆನ್ನಾಗಿ ಓದುವ ಮಗುವಿಗೆ ಸ್ಕಾಲರ್‌ಶಿಪ್ ಕೊಡುವವರು ಬೇರೆ ಕಡೆಯೂ ಸಿಗುತ್ತಾರೆ. ಬೆಳಿಗ್ಗೆ ಕೆಲಸ ಮಾಡಿ ಕ್ಲಾಸಿನಲ್ಲಿ ತೂಕಡಿಸುವ ಹುಡುಗನಿಗೆ ಯಾರಿದ್ದಾರೆ? ನಮ್ಮಲ್ಲಿ ಮಾರ್ಕ್ಸ್ ನೋಡಿ ಯಾರನ್ನೂ ಬಿಡುವುದಿಲ್ಲ, ಹಾಜರಾತಿ ಮಾತ್ರ ನೋಡುತ್ತೇವೆ. ಹಾಜರಾತಿ ಇಳಿದರೆ ಆ ವಾರವೇ ಇಬ್ಬರು ಮನೆಗೆ ಹೋಗುತ್ತಾರೆ. ಮರುಪರೀಕ್ಷೆಯ ಫೀಸಿಗೆ ವರ್ಷದ ಶುರುವಿನಲ್ಲೇ ಸ್ವಲ್ಪ ದುಡ್ಡು ಬೇರೆ ಎತ್ತಿಡುತ್ತೇವೆ, ರಿಸಲ್ಟ್ ಬಂದ ದಿನ ಓಡಾಡುವಂತಾಗಬಾರದು ಅಂತ.