ಹಳೆಯ ವಾಚ್ ಕ್ಲೀನಿಂಗ್ ಯಂತ್ರವನ್ನು ದುರಸ್ತಿ ಮಾಡಿದ ಬಗೆ

ಚಿಕ್ಕಮಗಳೂರಿನಲ್ಲಿ ವಾಚ್ ರಿಪೇರಿ ಮಾಡುವ ನನಗೆ, ಅಂಗಡಿ ಮುಚ್ಚಿದ ಹಿರಿಯರೊಬ್ಬರಿಂದ ಅಮೆರಿಕದ ಎಲ್ ಅಂಡ್ ಆರ್ ಕಂಪನಿಯ ಹಳೆಯ ಕ್ಲೀನಿಂಗ್ ಯಂತ್ರವೊಂದು ದೊರೆಯಿತು. ಕಂಬಕ್ಕೆ ಸಿಕ್ಕಿಸಿದ ಮೋಟಾರು, ಅದರ ಕೆಳಗೆ ತಿರುಗುವ ಜಾಲರಿ ಬುಟ್ಟಿ, ಮೂರು ಗಾಜಿನ ಜಾಡಿಗಳು, ಕೊನೆಗೆ ಒಣಗಿಸುವ ಹೀಟರ್; ಯಂತ್ರವೆಂದರೆ ಇಷ್ಟೇ. ಬಿಚ್ಚಿದ ಬಿಡಿಭಾಗಗಳನ್ನು ಬುಟ್ಟಿಗೆ ತುಂಬಿ ಮೊದಲ ಜಾಡಿಯ ಕ್ಲೀನಿಂಗ್ ದ್ರಾವಣದಲ್ಲಿ ತಿರುಗಿಸಿ, ಉಳಿದೆರಡರಲ್ಲಿ ಜಾಲಿಸುವುದು ಕ್ರಮ.

ನೋಡಿದವರೆಲ್ಲ ಮೊದಲು ಬಣ್ಣ ಬಳಿಸಿ ಎಂದರು. ನಾನು ಬಣ್ಣವನ್ನು ಮುಟ್ಟದೆ ವೈರಿಂಗಿಗೆ ಕೈಹಾಕಿದೆ. ತಂತಿಯ ಮೇಲಿನ ರಬ್ಬರು ಬೆರಳು ತಾಗಿದಲ್ಲೆಲ್ಲ ಪುಡಿಯಾಗಿ ಉದುರುತ್ತಿತ್ತು. ಅರ್ತಿಂಗ್ ಇರಲೇ ಇಲ್ಲ. ಪಕ್ಕದಲ್ಲಿಯೇ ಜಾಲಿಸುವ ಪೆಟ್ರೋಲಿನ ಜಾಡಿ ಇಟ್ಟುಕೊಳ್ಳುವ ಯಂತ್ರದಲ್ಲಿ ಇದು ಸಣ್ಣ ವಿಷಯವಲ್ಲ. ಎಲ್ಲವನ್ನೂ ಕಿತ್ತು ಹೊಸ ತಂತಿ ಹಾಕಿ, ಮೂರು ಪಿನ್ನಿನ ಪ್ಲಗ್ಗಿನ ಅರ್ತ್ ತಂತಿಯನ್ನು ಲೋಹದ ಪೀಠಕ್ಕೆ ಬಿಗಿದೆ. ಮೋಟಾರು 115 ವೋಲ್ಟಿನದು, ನಮ್ಮ ಮನೆಗಳಿಗೆ ಬರುವುದು 230. ಆದ್ದರಿಂದ ಎರಡು ಸುತ್ತುಗಳು ಬೇರೆಬೇರೆಯಾಗಿರುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಕೊಂಡೆ. ಅಗ್ಗಕ್ಕೆ ಸಿಗುವ ಆಟೋ ಟ್ರಾನ್ಸ್‌ಫಾರ್ಮರಿನಲ್ಲಿ ಒಳಬರುವ ಲೈನಿಗೂ ಯಂತ್ರಕ್ಕೂ ನೇರ ಸಂಪರ್ಕ ಉಳಿದುಬಿಡುತ್ತದೆ.

ಮಲೆನಾಡಿನ ಮಳೆಗಾಲದಲ್ಲಿ ಮೂಲೆ ಸೇರಿದ ಮೋಟಾರಿನ ಕಾಯಿಲ್ ಥಂಡಿ ಹಿಡಿದಿರುತ್ತದೆ. ಕರೆಂಟ್ ಕೊಡುವ ಮುನ್ನ ಅದನ್ನು ರಟ್ಟಿನ ಪೆಟ್ಟಿಗೆಯಲ್ಲಿ ಬಲ್ಬಿನ ಬಿಸಿಗೆ ಒಣಗಿಸಿ, ಇನ್ಸುಲೇಷನ್ ಅಳೆಯುವ ಮೀಟರಾದ ಮೆಗ್ಗರ್ ಹಿಡಿದು ಅದು ಸರಿಯಿದೆಯೆಂದು ಖಚಿತಪಡಿಸಿಕೊಂಡೆ. ಕಾರ್ಬನ್ ಬ್ರಷ್‌ಗಳು ಒತ್ತಿಕೊಂಡು ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟ್ ಕೊಡುವ ತಾಮ್ರದ ಉರುಳೆಯಾದ ಕಮ್ಯುಟೇಟರಿನ ಮೇಲೆ ಕಪ್ಪು ಪದರ ಕಟ್ಟಿತ್ತು. ಅದನ್ನು ಗಾಜಿನ ಪುಡಿ ಅಂಟಿಸಿದ ನಯವಾದ ಉಜ್ಜುಕಾಗದದಿಂದ ಉಜ್ಜಿದೆನೇ ಹೊರತು ಎಮರಿ ಕಾಗದ ಬಳಸಲಿಲ್ಲ, ಏಕೆಂದರೆ ಎಮರಿಯ ಗಡಸು ಹರಳು ತಾಮ್ರದಲ್ಲಿ ಹೂತುಕೊಂಡು ಬ್ರಷ್ಷನ್ನು ಸವೆಸುತ್ತದೆ. ತಾಮ್ರದ ಪಟ್ಟಿಗಳ ನಡುವಿನ ಸಂದಿನಲ್ಲಿ ತುಂಬಿದ್ದ ಕಾರ್ಬನ್ ಪುಡಿಯನ್ನು ಮೊನೆ ಮಾಡಿದ ಬಿದಿರುಕಡ್ಡಿಯಿಂದ ಕೆದಕಿ ತೆಗೆದೆ. ಮೂಲ ಬ್ರಷ್ ಸಿಗುವ ಮಾತೇ ಇರಲಿಲ್ಲ. ಮಿಕ್ಸಿಯ ಬ್ರಷ್ಷನ್ನು ಅಳತೆಗೆ ಉಜ್ಜಿ, ಕಮ್ಯುಟೇಟರಿಗೆ ಸುತ್ತಿದ ಕಾಗದದ ಮೇಲೆ ಅದರ ತುದಿಗೆ ಬಾಗು ಕೊಟ್ಟು ಕೂರಿಸಿದ ಮೇಲೆ ಕಿಡಿ ಬಹುಮಟ್ಟಿಗೆ ತಗ್ಗಿತು. ವೇಗ ನಿಯಂತ್ರಿಸುವ ರಿಯೋಸ್ಟಾಟಿಗೆ ಕಿಲುಬು ಒರೆಸಿದ್ದಷ್ಟೇ ಸಾಕಾಯಿತು.

ಹೀಟರನ್ನು ನಾನು ಜೋಡಿಸಲಿಲ್ಲ. ಅದರೊಳಗಿನ ಬಿಳಿ ಹಲಗೆ ಕಲ್ನಾರಿನದು (ಆಸ್ಬೆಸ್ಟಾಸ್) ಆಗಿರುವ ಸಂಭವವಿರುವುದರಿಂದ ಕೆರೆಯದೆ, ಕೊರೆಯದೆ ಹಾಗೆಯೇ ಮುಚ್ಚಿಟ್ಟಿದ್ದೇನೆ. ಪೆಟ್ರೋಲಿನಲ್ಲಿ ಅದ್ದಿದ ಬುಟ್ಟಿಯನ್ನು ಕೆಂಪಗೆ ಕಾದ ತಂತಿಯ ಮೇಲೆ ಇಡುವ ಧೈರ್ಯವೂ ನನಗಿಲ್ಲ. ಬುಟ್ಟಿಯನ್ನು ದ್ರವದಿಂದ ಮೇಲೆತ್ತಿ, ಜಾಡಿಯ ಒಳಗೇ ಜೋರಾಗಿ ತಿರುಗಿಸಿ ತೇವ ಸಿಡಿಸಿದ ನಂತರ, ಕಿಟಕಿಯ ಬಳಿ ವಾಸನೆ ಹೋಗುವವರೆಗೂ ಆರಲು ಬಿಡುತ್ತೇನೆ.

ದ್ರವದಲ್ಲಿರುವಾಗ ಮಾತ್ರ ವೇಗ ಕಡಿಮೆಯಿರಬೇಕು. ಹೆಚ್ಚಿಸಿದರೆ ದ್ರವ ಸುಳಿಗಟ್ಟಿ ಜಾಡಿಯ ಅಂಚು ಮೀರಿ ಚೆಲ್ಲುತ್ತದೆ. ಎಚ್‌ಎಂಟಿ ಜನತಾದಂಥ ಕೀಲಿ ಕೊಡುವ ವಾಚುಗಳ ಪ್ಲೇಟು, ಚಕ್ರಗಳು ಈಗ ಇದರಲ್ಲಿಯೇ ಶುಚಿಯಾಗುತ್ತಿವೆ. ಕೂದಲಿನಷ್ಟು ತೆಳುವಾದ ಹೇರ್‌ಸ್ಪ್ರಿಂಗ್ ಸಹಿತವಾದ ಬ್ಯಾಲೆನ್ಸನ್ನು, ಅಂದರೆ ಹಿಂದೆಮುಂದೆ ತಿರುಗುವ ಚಕ್ರವನ್ನು, ಬಿಡಿಯಾಗಿ ಬುಟ್ಟಿಗೆ ಹಾಕದೆ, ಮೇನ್‌ಪ್ಲೇಟಿಗೇ ಸ್ಕ್ರೂ ಬಿಗಿದು ಇಳಿಸುತ್ತೇನೆ. ಚಕ್ರದ ಹಲ್ಲುಗಳನ್ನು ಒಂದೊಂದಾಗಿ ತಡೆದು ಬಿಡುವ ಪುಟ್ಟ ಕವಲಾದ ಪ್ಯಾಲೆಟ್ ಫೋರ್ಕಿನ ಕಲ್ಲುಗಳನ್ನು ಹಿಡಿದಿರುವುದು ಅರಗು. ಅದು ಸ್ಪಿರಿಟ್ಟಿನಲ್ಲಿ ಕರಗುವುದರಿಂದ, ಜಾಲಿಸುವ ಜಾಡಿಗಳಿಗೆ ವೈಟ್ ಪೆಟ್ರೋಲನ್ನಷ್ಟೇ ತುಂಬುತ್ತೇನೆ.