ತಂಗಿಯ ಮಗಳಿಗೆ ಹೊಲಿದ ಕೌದಿ, ಕುಂಚಿಗೆ

ತಂಗಿ ಹೆರಿಗೆಗೆಂದು ತವರಿಗೆ ಬಂದಾಗ ಅವ್ವ ಟ್ರಂಕಿನಿಂದ ನಮ್ಮ ಆಯಿಯ, ಅಂದರೆ ಅಜ್ಜಿಯ, ಎರಡು ನೂಲಿನ ಇಳಕಲ್ ಸೀರೆ ತೆಗೆದು ನನ್ನ ಕೈಗಿಟ್ಟಳು. "ಕೂಸಿಗೆ ಕೌದಿ ಮಾಡು. ಇಷ್ಟು ಮೆತ್ತನ್ನ ಅರಿಬಿ ಅಂಗಡ್ಯಾಗ ಸಿಗೂದಿಲ್ಲ" ಅಂದಳು. ಕೌದಿ ಅಂದರೆ ಹಳೇ ಬಟ್ಟೆಯನ್ನು ಪದರ ಪದರವಾಗಿ ಸೇರಿಸಿ ಕೈಯಲ್ಲಿ ಹೊಲಿದ ಹೊದಿಕೆ. ವರ್ಷಗಟ್ಟಲೆ ಒಗೆದೂ ಒಗೆದೂ ಆ ಸೀರೆಗಳು ಬೆಣ್ಣೆಯಂತಾಗಿದ್ದವು.

ಮೊದಲು ಎರಡನ್ನೂ ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಒಣಗಿಸಿದೆ. ಆಮೇಲೆ ಬೆಳಕಿಗೆ ಹಿಡಿದು ಪಿಸಿದ ಕಡೆ ಎಲ್ಲಾ ಕತ್ತರಿಸಿ ತೆಗೆದೆ. ಅಂಚು ಸ್ವಲ್ಪ ಒರಟು, ಅದನ್ನೂ ಬಿಡಿಸಿದೆ. ಮೂವತ್ತಾರು ಇಂಚು ಉದ್ದ, ಮೂವತ್ತು ಇಂಚು ಅಗಲದ ನಾಲ್ಕು ಪದರ ಸಿಕ್ಕಿತು. ಚಾಪೆ ಮೇಲೆ ಹಾಸಿ, ಸುಕ್ಕು ನೀವಿ, ದೂರ ದೂರ ಕಚ್ಚಾ ಹೊಲಿಗೆ ಹಾಕಿದೆ. ಈ ಕೆಲಸ ಬಿಟ್ಟರೆ ಒಳಗಿನ ಪದರ ಸರಿದು ಗಂಟು ಕಟ್ಟುತ್ತದೆ. ಕೂಸಿನ ಬೆನ್ನಿಗೆ ಒತ್ತುವುದು ಆ ಗಂಟೇ.

ಹೊಲಿಗೆಯನ್ನು ಅಂಚಿನಿಂದ ಶುರು ಮಾಡಿ ಸುತ್ತುತ್ತಾ ನಡುವಿಗೆ ಬಂದೆ. ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿ ಹೆಂಗಸರು ಕೌದಿಯನ್ನು ಹೀಗೇ ಹೊಲಿಯುತ್ತಾರೆ. ನಾಲ್ಕು ಮೂಲೆಗೂ ಬಟ್ಟೆಯನ್ನು ಮುಕ್ಕೋನವಾಗಿ ಮಡಚಿ ಹೂವಿನಂತೆ ಕೂರಿಸುತ್ತಾರೆ. ನನಗೆ ಅದು ಬಹಳ ಇಷ್ಟ, ಆಯಿಯ ಸೀರೆಯ ಕೆಂಪು ಸೆರಗಿನಿಂದ ನಾಲ್ಕು ಮೂಲೆಗೂ ಇಟ್ಟೆ. ದಾರ ಹತ್ತಿಯದೇ. ಒಂದು ಸುತ್ತಿಗೂ ಇನ್ನೊಂದು ಸುತ್ತಿಗೂ ಅರ್ಧ ಇಂಚು. ದಿನಾ ಮಧ್ಯಾಹ್ನ ಒಂದೆರಡು ತಾಸು ಕೂತು, ಮುಗಿಯಲು ಇಪ್ಪತ್ತು ದಿನ ಹಿಡಿಯಿತು.

ಕುಂಚಿಗೆಯಲ್ಲಿ, ಅಂದರೆ ಕೂಸಿನ ತಲೆಗೆ ಹಾಕುವ, ಬೆನ್ನಿಗೆ ಇಳಿಬೀಳುವ ಟೋಪಿಯಲ್ಲಿ ಮಾತ್ರ ತಪ್ಪಾಯಿತು. ಗುಳೇದಗುಡ್ಡದ ಖಣ (ಕುಬಸ ಹೊಲಿಯುವ ಬಟ್ಟೆ) ತಂದೆ, ಹಸಿರಿಗೆ ಕೆಂಪಂಚು. ಹುಟ್ಟಿದ ಕೂಸಿನ ತಲೆಸುತ್ತು ಸುಮಾರು 35 ಸೆಂಟಿಮೀಟರ್ ಎಂದು ಅದೇ ಅಳತೆಗೆ ಕತ್ತರಿಸಿದೆ. ತೊಟ್ಟಿಲಿಗೆ ಹಾಕಿದ ದಿನ ಚೆಂದ ಕೂತಿತು. ಆದರೆ ಮೊದಲ ತಿಂಗಳುಗಳಲ್ಲಿ ತಲೆ ಎಷ್ಟು ಬೇಗ ಬೆಳೆಯುತ್ತದೆ ಅಂದರೆ, ಐದನೇ ತಿಂಗಳಲ್ಲಿ ತಂಗಿಯನ್ನು ಗಂಡನ ಮನೆಗೆ ಕಳಿಸುವ ಹೊತ್ತಿಗೆ ಹಣೆ ಮೇಲೆಯೇ ಸಿಕ್ಕಿಕೊಂಡಿತು. ಅಷ್ಟು ಆಸೆಯಿಂದ ಹೊಲಿದಿದ್ದು, ಬಹಳ ಬೇಜಾರಾಯಿತು. ಹಿಂದಿನ ಹೊಲಿಗೆ ಬಿಚ್ಚಿ ಎರಡು ಬೆರಳಗಲದ ಪಟ್ಟಿ ಸೇರಿಸಿದೆ. ಈಗ ಯಾರು ಕೇಳಿದರೂ 45ರ ಅಳತೆಗೆ ಹೊಲಿದು, ಹಿಂದೆ ಒಂದು ಮಡಿಕೆ ಹಿಡಿದಿಡಿ ಅನ್ನುತ್ತೇನೆ. ಬೇಕಾದಾಗ ಬಿಚ್ಚಬಹುದು.

ಖಣ ನೋಡಲು ಚೆಂದ, ಆದರೆ ಎಳೆ ಚರ್ಮಕ್ಕೆ ಚುಚ್ಚುತ್ತದೆ. ಅದಕ್ಕೇ ಒಳಗೆ ಅಪ್ಪನ ಹಳೇ ಧೋತರದ ಅಸ್ತರು ಕೊಟ್ಟೆ. ಮೂರು ಜಬಲಾ (ಕೂಸಿನ ಅಂಗಿ) ಕೂಡ ಅದೇ ಧೋತರದಲ್ಲಿ ಆದವು. ಅವುಗಳ ಹೊಲಿಗೆಯ ಅಂಚನ್ನು ಬೇಕಂತಲೇ ಹೊರಗೆ ಬಿಟ್ಟೆ. ನೋಡಿದವರು "ಉಲ್ಟಾ ಹಾಕೀರಿ" ಅಂದರು. ಕೂಸಿಗೆ ತಾಗುವುದು ಒಳಮೈ ಅಲ್ವಾ, ಅದು ನುಣ್ಣಗಿರಬೇಕು. ಗುಂಡಿ, ಮಣಿ ಯಾವುದೂ ಬೇಡ, ಕಿತ್ತು ಬಾಯಿಗೆ ಹೋದೀತು. ಚಿಕ್ಕ ಕಸೆ ಸಾಕು, ಉದ್ದ ಆದರೆ ಕುತ್ತಿಗೆಗೆ ಸುತ್ತಿಕೊಳ್ಳುವ ಭಯ.

ಮನೆಯ ಹಿರಿಯರು ಸಾಸಿವೆ ತುಂಬಿದ ದಿಂಬೂ ಕೇಳಿದರು. ನಾನು ಮಾಡಲಿಲ್ಲ. ವರ್ಷ ತುಂಬುವವರೆಗೆ ಮಲಗುವಾಗ ದಿಂಬು, ಸಡಿಲ ಹೊದಿಕೆ ಬೇಡ ಅನ್ನುತ್ತಾರೆ ವೈದ್ಯರು. ಹಾಗಾಗಿ ಕೌದಿಯನ್ನೂ ಹೊದಿಸಲಿಲ್ಲ. ಎಣ್ಣೆ ನೀರು ಆದ ಮೇಲೆ ಅದರ ಮೇಲೆ ಮಲಗಿಸಿ ಕೈಕಾಲು ಆಡಲು ಬಿಡುತ್ತಿದ್ದೆವು, ಯಾರಾದರೂ ಪಕ್ಕದಲ್ಲೇ ಕೂತು.

ಕೌದಿಯ ಹೊಟ್ಟೆ ಖಾಲಿ ಇರಬಾರದು ಅನ್ನುವುದು ನಮ್ಮ ಮನೆ ಮಾತು. ಕೊನೆಯ ಸುತ್ತು ಮುಚ್ಚುವ ಮೊದಲು ಅವ್ವ ನಾಲ್ಕು ಅಕ್ಕಿಕಾಳು ತಂದು ನಡುವಿನ ಆ ಚಿಕ್ಕ ಬಾಯಿಗೆ ಹಾಕಿದಳು. ನಾನು ಮೂರು ಹೊಲಿಗೆ ಹಾಕಿ ಗಂಟು ಕಟ್ಟಿದೆ. ದಾರವನ್ನು ತಂಗಿಯೇ ಹಲ್ಲಲ್ಲಿ ಕಡಿದಳು.